ಹೆಸರು ತಿಳಿಯದ ಟ್ಯಾಗು

೨೬ ಫೆಬ್ರವರಿ ೨೦೦೪

ಪ್ರೀತಿಯ ಮೊಳೆಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿನ್ನ ಪುಟ ಒಂದನ್ನು ಬಿಟ್ಟು.

ನೀನು ನಮ್ಮ ಲ್ಯಾಬಿಗೆ ಮಾಡಿಕೊಟ್ಟ ರಿಪೋರ್ಟಿನ ಪುಟವನ್ನು ಮೊದಲ ದಿನ ಎಲ್ಲರೂ ಹೊಗಳಿದರು. ಹದಿನೆಂಟು ವರ್ಷ ರಕ್ತದ ಅಂಕಿಗಳನ್ನು ಕೈಯಲ್ಲಿ ಬರೆದು ಬರೆದು ಬೆರಳಿಗೆ ಗೂನು ಬಂದವಳು ನಾನು. ಯಂತ್ರ ಪರೀಕ್ಷೆ ಮಾಡಿದ್ದು ನೇರವಾಗಿ ವಾರ್ಡಿನ ಕಂಪ್ಯೂಟರಿನಲ್ಲಿ ಕಂಡಾಗ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ನಾಲ್ಕು ದಿನದಿಂದ ಪುಟದ ಬುಡದಲ್ಲಿ ಏನೇನೋ ಕಸ ಬೀಳುತ್ತಿದೆ. ಯಂತ್ರದ ನಂಬರು, ಟ್ರೇ ನಂಬರು, ಅರ್ಧ ತಾರೀಖು, ಎಲ್ಲ ಒಂದಕ್ಕೊಂದು ಅಂಟಿಕೊಂಡು ಒಂದು ಮೊಳ ಉದ್ದ. ನಿನ್ನೆ ಒಬ್ಬ ಮುದುಕ ಅದನ್ನು ತೋರಿಸಿ, "ಇದು ನನ್ನ ಯಾವ ಕಾಯಿಲೆ ತಾಯಿ?" ಅಂತ ಕೇಳಿದ.

ನಮ್ಮ ಮೇಲಧಿಕಾರಿ ಗೊತ್ತಲ್ಲ, ಅಂಗಿಯ ಜೊತೆ ಮುಖಕ್ಕೂ ಇಸ್ತ್ರಿ ಹಾಕಿಸಿಕೊಂಡು ಬರುವವರು. ಇಸ್ತ್ರಿ ಸಾಹೇಬರು ಅಂತಲೇ ನಾವು ಕರೆಯುವುದು. ನನ್ನನ್ನು ಕರೆದು ಹೇಳಿದರು: "ನಿಮ್ಮ ತಮ್ಮ ಇದ್ದಾನೆ ಅಂತ ನೀವೇ ಹೇಳಿ ಆ ಕಂಪನಿಗೆ ಕೆಲಸ ಕೊಡಿಸಿದ್ರಿ. ಈಗ ಈ ಕಸ ಗುಡಿಸೋರು ಯಾರು?"

ಹೇಗಾದರೂ ಮಾಡಿ ನಿಲ್ಲಿಸು. ಪುಟ ಚೊಕ್ಕವಾಗಿರಬೇಕು, ಅಷ್ಟೇ.

ಫೋನ್ ಮಾಡಬಾರದಾ ಅಂತ ನಿನ್ನ ಭಾವ ಕೇಳಿದರು. ಫೋನಿನಲ್ಲಿ ನೀನು ಹೂಂ ಹೂಂ ಅಂದು ಮರೆತುಬಿಡುತ್ತೀಯ. ಕಾಗದಕ್ಕಾದರೆ ಉತ್ತರ ಬರೆಯಲೇಬೇಕು, ಅಪ್ಪ ಹಾಗೆ ಬೆಳೆಸಿದ್ದಾರೆ.

ಇಂತಿ,
ನಿನ್ನ ಅಕ್ಕ


೨ ಮಾರ್ಚ್

ಅಕ್ಕನ ಪಾದಕ್ಕೆ ಮೊಳೆಯ ನಮಸ್ಕಾರ.

ನಿನ್ನ ಕಾಗದ ಬಂತು, ಬೈಗುಳವೂ ಬಂತು. ಕಸದ ಕಥೆ ಹೇಳುತ್ತೇನೆ ಕೇಳು.

ನಿಮ್ಮ ಯಂತ್ರ ಕೊಡುವುದು ಎಕ್ಸ್‌ಎಂಎಲ್. ಅದನ್ನು ಹಸ್ತಪ್ರತಿ ಅಂದುಕೋ. ಪ್ರತಿಯೊಂದು ಸಂಗತಿಯನ್ನೂ ಹೆಸರು ಬರೆದ ಲಕೋಟೆಯಲ್ಲಿ ಇಟ್ಟಿರುತ್ತಾರೆ. ಆ ಲಕೋಟೆಗೆ ಟ್ಯಾಗು ಅನ್ನುತ್ತೇವೆ. ಇದು ರೋಗಿಯ ಹೆಸರು, ಇದು ಸಕ್ಕರೆ, ಇದು ಉಪ್ಪು ಅಂತ ಅದರ ಮೇಲೆ ಇರುತ್ತೆ. ಹೇಗೆ ಕಾಣಬೇಕು ಅಂತ ಒಂದು ಅಕ್ಷರವೂ ಇರುವುದಿಲ್ಲ. ಅದನ್ನು ಹೇಳುವುದು ನನ್ನ ಸ್ಟೈಲ್‌ಶೀಟು: ಸಕ್ಕರೆ ಬಂದರೆ ಈ ಸಾಲಿನಲ್ಲಿ ಕೂರಿಸು, ಹೆಚ್ಚಿದ್ದರೆ ದಪ್ಪ ಅಕ್ಷರ ಮಾಡು, ಹೀಗೆ. ಮೂರನೆಯದು ಸರ್ವರ್ ಮೇಲಿರುವ ಟೆಂಪ್ಲೇಟು, ಅಂದರೆ ಪುಟದ ಚೌಕಟ್ಟು. ಮೇಲೆ ಆಸ್ಪತ್ರೆಯ ಹೆಸರು, ಕೆಳಗೆ ಡಾಕ್ಟರ ರುಜುವಿಗೆ ಗೆರೆ, ನಡುವೆ ಖಾಲಿ. ವಾರ್ಡಿನಲ್ಲಿ ಯಾರಾದರೂ ರೋಗಿಯ ನಂಬರು ಒತ್ತಿದ ಕೂಡಲೇ ಟೆಂಪ್ಲೇಟು ಹಸ್ತಪ್ರತಿಯನ್ನು ತರಿಸಿ, ಸ್ಟೈಲ್‌ಶೀಟಿಗೆ ಒಪ್ಪಿಸಿ, ಅದು ಮಾಡಿಕೊಟ್ಟದ್ದನ್ನು ಖಾಲಿ ಜಾಗದಲ್ಲಿ ಕೂರಿಸುತ್ತದೆ. ಪುಟ ಅನ್ನುವುದನ್ನು ಎಲ್ಲೂ ಕೂಡಿಟ್ಟಿರುವುದಿಲ್ಲ. ಕೇಳಿದಾಗಲೆಲ್ಲ ಆಗಿಂದಾಗಲೇ ಹೊಸದು. ನಮ್ಮ ಅಡುಗೆಮನೆಗಿಂತ ಮೇಲು. ಹಳಸಿದ್ದು ಅನ್ನುವುದೇ ಇಲ್ಲ.

ಈಗ ಕಸ. ನಾನು ನಿಯಮ ಬರೆಯದ ಟ್ಯಾಗು ಬಂದರೆ ಸ್ಟೈಲ್‌ಶೀಟು ಸುಮ್ಮನೆ ಕೂರುವುದಿಲ್ಲ. ಲಕೋಟೆ ಹರಿದು ಒಳಗಿದ್ದ ಅಕ್ಷರಗಳನ್ನು ಹಾಗೇ ಪುಟಕ್ಕೆ ಸುರಿಯುತ್ತದೆ. ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ ಅದು. ನಾನು ಇವತ್ತು ಅದರ ಬಾಯಿಗೆ ಬಟ್ಟೆ ತುರುಕಿದ್ದೇನೆ. ಗುರುತಿಲ್ಲದ್ದು ಏನೇ ಬರಲಿ, ಪುಟಕ್ಕೆ ಬರಕೂಡದು. ನಾಲ್ಕೇ ಸಾಲಿನ ಕೆಲಸ. ಸ್ಟೈಲ್‌ಶೀಟನ್ನು ಪೂರ್ತಿ ಅಚ್ಚು ಹಾಕಿ ಕಳಿಸಿದ್ದೇನೆ, ಎರಡು ಹಾಳೆ. ನಿನಗೆ ಅರ್ಥವಾಗಲಿ ಅಂತಲ್ಲ, ನಿನ್ನ ತಮ್ಮ ಎಂಥ ಕೆಲಸ ಮಾಡುತ್ತಾನೆ ಅಂತ ಭಾವನಿಗೆ ತೋರಿಸಲಿಕ್ಕೆ. ಪ್ರತಿ ನಿಯಮದ ತಲೆಯ ಮೇಲೂ ಒಂದೊಂದು ಟಿಪ್ಪಣಿ ಇದೆ. ಕಂಪ್ಯೂಟರು ಅದನ್ನು ಓದುವುದಿಲ್ಲ, ಮನುಷ್ಯರು ಓದಬೇಕು. ಆದ್ದರಿಂದ ಪ್ರಾಸದಲ್ಲೇ ಬರೆದಿದ್ದೇನೆ. ಅಪ್ಪ ಹೇಳಿಕೊಟ್ಟ ಹಾಗೆ ಎರಡನೇ ಅಕ್ಷರ ಕೂಡಿಸಿ.

ನಲವತ್ತೈದಾಯಿತು ಅಕ್ಕ. ಹದಿನೈದು ವರ್ಷ ಅಚ್ಚಿನ ಸೀಸದ ಮೊಳೆ ಜೋಡಿಸಿ ಮೊಳೆ ಅಂತಲೇ ಹೆಸರಾದೆ, ಪ್ರೆಸ್ಸಿಗೆ ಬೀಗ ಬಿತ್ತು, ಬೆರಳಿಗೆ ಬೇರೆ ಬಿಲ ಸಿಕ್ಕಿತು. ಜೋಡಿಸುವ ಬುದ್ಧಿ ಮಾತ್ರ ಅದೇ.

ನಿನ್ನ,
ಮೊಳೆ


೨೦ ಮಾರ್ಚ್

ಪ್ರೀತಿಯ ಮೊಳೆಗೆ ಆಶೀರ್ವಾದ.

ಕಸ ನಿಂತಿತು. ಪುಟ ಈಗ ತೊಳೆದಿಟ್ಟ ತಟ್ಟೆ. ಇಸ್ತ್ರಿ ಸಾಹೇಬರ ಮುಖದಲ್ಲಿ ಒಂದು ಸುಕ್ಕು ಬಂತು, ನಗು ಇರಬೇಕು.

ನಿನ್ನ ಹಾಳೆಗಳನ್ನು ಭಾವನಿಗೆ ತೋರಿಸಿದೆ. ಅಂಗಡಿಯಲ್ಲಿ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಒಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೇ ಓದಿ, "ನಿನ್ನ ತಮ್ಮ ಪ್ರಾಸ ಹಾಕಿ ಹಾಕಿ ಒಂದು ದಿನ ಯಾರದ್ದಾದ್ರೂ ಪ್ರಾಣ ತೆಗೀತಾನೆ" ಅಂದರು. ಹಾಳೆಗಳನ್ನು ನನ್ನ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅಪ್ಪನ ಪೆನ್ನಿನ ಪಕ್ಕ.

ಮೇ ತಿಂಗಳಲ್ಲಿ ಲ್ಯಾಬಿಗೆ ಹೊಸ ಯಂತ್ರ ಬರುತ್ತಿದೆ. ಹಳೆಯದರಲ್ಲಿ ನಾವು ಬರೆಯುವ ಷರಾ ಅಂಕಿಯ ಜೊತೆಗೇ ಹೋಗುತ್ತಿತ್ತು, ಹೊಸದರಲ್ಲಿ ಷರಾಕ್ಕೆ ಬೇರೆಯೇ ಜಾಗ ಇದೆಯಂತೆ. ನಿನ್ನ ಕಡೆ ಏನಾದರೂ ಮಾಡಬೇಕಾಗುತ್ತದಾ? ಕೇಳಿಟ್ಟುಕೊಂಡಿದ್ದೆ, ಬರೆದೆ.

ಬೆನ್ನು ನೋವು ಹೇಗಿದೆ? ದಿಂಬು ಇಟ್ಟುಕೊಂಡು ಕೂತುಕೋ. ಮಗಳಿಗೆ ಮುತ್ತು.

ನಿನ್ನ ಅಕ್ಕ


೨೯ ಮಾರ್ಚ್

ಅಕ್ಕನಿಗೆ ನಮಸ್ಕಾರ.

ಭಾವನಿಗೆ ಹೇಳು: ಪ್ರಾಸದಿಂದ ಸತ್ತವರಿಲ್ಲ, ಗಡಿಯಾರ ನೋಡಿ ನೋಡಿ ಸತ್ತವರು ಬಹಳ ಜನ.

ಬೆನ್ನು ಇದೆ, ನೋವೂ ಇದೆ, ಎರಡೂ ಹೊಂದಿಕೊಂಡಿವೆ. ಮಗಳು ಮುತ್ತು ಬೇಡ, ಸೈಕಲ್ ಬೇಕು ಅಂತಾಳೆ. ನಿಮ್ಮ ಆಸ್ಪತ್ರೆಯ ಪುಟ ನೋಡಿ ಇನ್ನೂ ನಾಲ್ಕು ಆಸ್ಪತ್ರೆಗಳು ನಮ್ಮನ್ನೇ ಕೇಳಿವೆ. ಯಜಮಾನ ನನ್ನ ಹೆಗಲು ತಟ್ಟಿದ, ಆರು ವರ್ಷದಲ್ಲಿ ಮೊದಲ ಸಲ. ನಮ್ಮ ಕಂಪನಿ ಅಂದರೆ ಒಂದು ಅಂಗಡಿಯ ಮೇಲಿನ ಎರಡು ಕೋಣೆ, ಐದು ಜನ. ನಾಲ್ವರು ನನ್ನ ಅರ್ಧ ವಯಸ್ಸಿನವರು, ಎಲ್ಲರ ಹತ್ತಿರವೂ ಸರ್ಟಿಫಿಕೇಟು. ನನ್ನ ಹತ್ತಿರ ಇರುವುದು ನಿಮ್ಮ ಪುಟ ಒಂದೇ.

ಬೇರೇನೂ ವಿಶೇಷವಿಲ್ಲ.

ಮೊಳೆ


೯ ಜೂನ್

ಮೊಳೆ,

ತಕ್ಷಣ ಉತ್ತರ ಬರೆ.

ಹೋದ ಬುಧವಾರ ಒಬ್ಬ ದರ್ಜಿಯನ್ನು ವಾಂತಿಭೇದಿ ಅಂತ ಸೇರಿಸಿದರು. ರಕ್ತ ಕೆಳಗೆ ಬಂತು. ನೋಡಿದ ಕೂಡಲೇ ಗೊತ್ತಾಯಿತು, ತೆಗೆಯುವಾಗ ರಕ್ತದ ಕಣ ಒಡೆದಿವೆ. ಹಾಗಾದರೆ ಪೊಟ್ಯಾಸಿಯಂ ಹೆಚ್ಚಿಲ್ಲದಿದ್ದರೂ ಹೆಚ್ಚು ಅಂತ ತೋರಿಸುತ್ತದೆ. ಯಂತ್ರ ಹೆಚ್ಚು ಅಂತಲೇ ತೋರಿಸಿತು. ನಾನು ಷರಾ ಬರೆದೆ: ಮಾದರಿ ಕೆಟ್ಟಿದೆ, ಈ ಅಂಕಿ ನಂಬಬೇಡಿ, ಮತ್ತೆ ರಕ್ತ ತೆಗೆದು ಕಳಿಸಿ. ಹೊಸ ಯಂತ್ರದ ಷರಾ ಕಾಲಂನಲ್ಲಿ, ನನ್ನ ಕೈಯಾರೆ ಬರೆದೆ. ಮತ್ತೆ ರಕ್ತ ಬರಲಿಲ್ಲ. ಬೇರೆ ಕಡೆ ಕಳಿಸಿರಬೇಕು ಅಂದುಕೊಂಡೆ.

ವಾರ್ಡಿನ ಡಾಕ್ಟರು ಪುಟ ತೆಗೆದು ಅಚ್ಚು ಹಾಕಿಸಿದರು. ಅಂಕಿ ದಪ್ಪ ಅಕ್ಷರದಲ್ಲಿತ್ತು. ಷರಾ ಇರಲಿಲ್ಲ. ಅವರು ಪೊಟ್ಯಾಸಿಯಂ ಇಳಿಸುವ ಔಷಧಿ ಕೊಟ್ಟರು. ವಾಂತಿಭೇದಿಯಲ್ಲಿ ಆ ಮನುಷ್ಯನಿಗೆ ಅದು ಮೊದಲೇ ತಳ ಕಂಡಿತ್ತು. ಹೃದಯ ನಿಂತಿತು. ಆರು ನಿಮಿಷ ಗುದ್ದಿ ಗುದ್ದಿ ವಾಪಸು ತಂದರು. ಜೀವ ಬಂದಿದೆ. ಬಲಗೈ ಬಂದಿಲ್ಲ.

ನನ್ನ ಪರದೆಯಲ್ಲಿ ಷರಾ ಇದೆ. ವಾರ್ಡಿನ ಪುಟದಲ್ಲಿ ಇಲ್ಲ. ಇಂದೂ ತೆಗೆದು ನೋಡಿದೆ, ಇಲ್ಲ. ಇದು ಹೇಗೆ? ಅಪ್ಪ ಪ್ರೂಫ್ ತಿದ್ದುವಾಗ ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವಲ್ಲ, ಹಸ್ತಪ್ರತಿ ಗಟ್ಟಿಯಾಗಿ ಓದುವುದು ನಾನು, ಅಚ್ಚಾದದ್ದರ ಮೇಲೆ ಬೆರಳಿಟ್ಟು ನೋಡುವುದು ನೀನು. ಅದೇ ಕೆಲಸ ಈಗ ಮಾಡು. ನಾನು ಓದಿದ್ದೇನೆ. ನಿನ್ನ ಕಡೆ ಆ ಸಾಲು ಎಲ್ಲಿ ಹೋಯಿತು ನೋಡು.

ಅಕ್ಕ


೨೧ ಜೂನ್

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ವಿಷಯ ತಿಳಿದು ಬೇಸರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು.

ಸ್ಟೈಲ್‌ಶೀಟು ಮತ್ತು ಟೆಂಪ್ಲೇಟು ಎರಡನ್ನೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ಬರೆದ ನಿಯಮಗಳು ಬರೆದಂತೆಯೇ ಕೆಲಸ ಮಾಡುತ್ತಿವೆ. ಹೊಸ ಯಂತ್ರದವರನ್ನು ವಿಚಾರಿಸುವುದು ಒಳಿತು. ಅವರು ಏನನ್ನು ಯಾವ ರೀತಿ ಕಳಿಸುತ್ತಿದ್ದಾರೆ ಎಂಬುದನ್ನು ಲಿಖಿತವಾಗಿ ಕೇಳಬೇಕು.

ಆರೋಗ್ಯದ ಕಡೆ ಗಮನ ಕೊಡು.

ತಮ್ಮ


೨೮ ಜೂನ್

ಮೊಳೆಗೆ,

ಕಸದ ಕಾಗದಕ್ಕೆ ನಿನ್ನ ಉತ್ತರ ಐದೇ ದಿನದಲ್ಲಿ ಹೊರಟಿತ್ತು. ಈ ಸಲ ಹನ್ನೆರಡು ದಿನ. ಬಂದದ್ದನ್ನು ಓದಿ, ಇದನ್ನು ಬರೆದದ್ದು ನನ್ನ ತಮ್ಮನೋ ನಗರಸಭೆಯೋ ಅಂತ ಲಕೋಟೆ ತಿರುಗಿಸಿ ನೋಡಿದೆ. ಒಂದು ಪ್ರಾಸವೂ ಇಲ್ಲ. ಕೆಲಸದ ಒತ್ತಡ ಇರಬೇಕು. ನನ್ನಿಂದ ನಿನಗೂ ತಲೆನೋವು.

ನನ್ನನ್ನು ಅಮಾನತು ಮಾಡಿದ್ದಾರೆ. ಷರಾ ಬರೆಯಲೇ ಇಲ್ಲ ಅನ್ನುವುದು ಆರೋಪ. ನನ್ನ ಪರದೆಯಲ್ಲಿದೆ ನೋಡಿ ಅಂದರೆ, "ಆ ಪರದೇಲಿ ನೀವು ಯಾವಾಗ ಬೇಕಾದ್ರೂ ಬರೀಬಹುದಲ್ಲ" ಅಂತಾರೆ. ಅದೂ ನಿಜ. ಅಂಕಿ ಬಿದ್ದ ಗಂಟೆ ತಾನಾಗಿ ದಾಖಲಾಗುತ್ತದೆ, ಷರಾಕ್ಕೆ ಮಾತ್ರ ಗಂಟೆ ಬೀಳುವುದಿಲ್ಲ. ಯಂತ್ರದವರನ್ನು ನೀನು ಹೇಳಿದಂತೆ ಕೇಳಿದೆ. "ನಾವು ಕಳಿಸ್ತಿದೀವಮ್ಮ, ಅಲ್ಲಿ ತಗೊಳ್ಳೋರು ತಗೊಳ್ತಿಲ್ಲ" ಅಂದರು.

ಅಮಾನತಿನ ಕಾಗದ ಹಿಡಿದು ಹೊರಗೆ ಬರುವಾಗ ಆ ದರ್ಜಿಯ ವಾರ್ಡಿಗೆ ಹೋಗಿದ್ದೆ. ನಾನು ಯಾರು ಅಂತ ಹೇಳಲಿಲ್ಲ. ಅವನ ಹೆಂಡತಿ ಎಡಗೈಗೆ ಚಮಚ ಹಿಡಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಅವನು ನನ್ನ ರವಿಕೆಯ ತೋಳು ನೋಡಿ, "ಹೊಲಿಗೆ ಬಿಟ್ಟಿದೆ ನೋಡಿ ಅಕ್ಕೋರೆ, ಊರಿಗೆ ಹೋದ ಮೇಲೆ ತಂದುಕೊಡಿ, ಹಾಕಿಕೊಡ್ತೀನಿ" ಅಂದ. ಹೆಂಡತಿ ಚಮಚ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದಳು.

ಜುಲೈ ಹದಿನಾಲ್ಕಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ನೀನು ಬಾ. ನನಗೆ ಎಕ್ಸ್‌ಎಂಎಲ್ಲು ಟೆಂಪ್ಲೇಟು ಹೇಳಲು ಬರುವುದಿಲ್ಲ. ಹಸ್ತಪ್ರತಿ, ಚೌಕಟ್ಟು ಅಂತ ನನಗೆ ಬಿಡಿಸಿ ಹೇಳಿದ ಹಾಗೆ ಅವರಿಗೂ ಹೇಳು. ನಿನ್ನ ಮಾತು ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಕಾಯುತ್ತಿರುತ್ತೇನೆ.

ಅಕ್ಕ


೮ ಜುಲೈ

ಅಕ್ಕನಿಗೆ,

ಬರಲು ಆಗುವುದಿಲ್ಲ. ಬೆನ್ನು ಎದ್ದು ಕೂರಲು ಬಿಡುತ್ತಿಲ್ಲ. ಬಸ್ಸಿನಲ್ಲಿ ಹನ್ನೊಂದು ಗಂಟೆ ಸಾಧ್ಯವೇ ಇಲ್ಲ. ಯಜಮಾನ ರಜೆಯನ್ನೂ ಕೊಡುತ್ತಿಲ್ಲ. ಕಂಪನಿಯಿಂದ ಸಮಿತಿಗೆ ಒಂದು ಒಳ್ಳೆಯ ಪತ್ರ ಹೋಗುತ್ತದೆ, ಚಿಂತೆ ಬೇಡ.

ಒಂದು ಕೆಲಸ ಮಾಡು. ಸಮಿತಿಯವರ ಎದುರಿಗೇ ದರ್ಜಿಯ ನಂಬರು ಒತ್ತಿಸಿ ಪುಟ ತೆಗೆಸು. ಹಳೆಯ ಅಚ್ಚು ಬೇಡ, ಹೊಸದಾಗಿ ತೆಗೆಸು. ಕಾರಣ ಕೇಳಬೇಡ. ನೀನು ಬರೆದದ್ದು ಅವರ ಕಣ್ಣಿಗೇ ಬೀಳುತ್ತದೆ. ಅಲ್ಲಿಗೆ ಎಲ್ಲ ಮುಗಿಯುತ್ತದೆ, ನಿನಗೂ ನಷ್ಟವಿಲ್ಲ, ಯಾರಿಗೂ ನಷ್ಟವಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ಕೂತು ಎರಡು ಹಾಳೆ ಹರಿದೆ. ಎದುರಿಗೆ ಸಿಕ್ಕಾಗ ಮಾತಾಡೋಣ.

ತಮ್ಮ


೧೫ ಜುಲೈ

ನನ್ನ ಚಿನ್ನದಂಥ ಮೊಳೆಗೆ,

ಬಂತು ಕಣೋ. ನೀನು ಹೇಳಿದ ಹಾಗೇ ಮಾಡಿದೆ. ಇಸ್ತ್ರಿ ಸಾಹೇಬರು, ಇಬ್ಬರು ಡಾಕ್ಟರು, ಹೊರಗಿನಿಂದ ಒಬ್ಬ ಕಂಪ್ಯೂಟರಿನವನು, ನಾಲ್ವರೂ ನೋಡುತ್ತಿರುವಾಗ ನಂಬರು ಒತ್ತಿಸಿದೆ. ಪೊಟ್ಯಾಸಿಯಂ ಸಾಲಿನ ಕೆಳಗೆ ನನ್ನ ಷರಾ, ಅಕ್ಷರಕ್ಕೆ ಅಕ್ಷರ. ಜೂನಿನಲ್ಲಿ ಇರಲಿಲ್ಲ, ಈಗ ಇದೆ. ಕಂಪ್ಯೂಟರಿನವನು ಹಳೆಯ ಅಚ್ಚನ್ನೂ ಹೊಸ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

ಮನೆಗೆ ಬಂದು ಭಾವನಿಗೆ ಹೇಳಿದರೆ, "ನಿಂತ ಗಡಿಯಾರ ತಾನಾಗಿ ಓಡಿದ್ರೆ ಖುಷಿ ಪಡಬಾರದು, ಯಾರು ಮುಟ್ಟಿದ್ರು ಅಂತ ಕೇಳ್ಬೇಕು" ಅಂದರು. ಅವರದ್ದು ಯಾವಾಗಲೂ ಅದೇ ಅಪಸ್ವರ. ಆದರೂ ಕೇಳುತ್ತೇನೆ, ನೀನೇನಾದರೂ ಮುಟ್ಟಿದೆಯಾ? ಮುಟ್ಟಿದ್ದರೆ ಯಾವತ್ತು? ಒಂದು ಸಾಲು ಬರೆ, ಸಮಿತಿಗೂ ತೋರಿಸುತ್ತೇನೆ.

ಬೆನ್ನಿಗೆ ಬಿಸಿನೀರಿನ ಚೀಲ ಇಡು. ಮುಂದಿನ ವಾರ ತೀರ್ಪು.

ನಿನ್ನ ಅಕ್ಕ


೨೨ ಜುಲೈ

ತಮ್ಮನಿಗೆ,

ಸಮಿತಿ ನನ್ನನ್ನು ಕರೆದು ಓದಿ ಹೇಳಿತು. ಘಟನೆಯ ದಿನದ ಅಚ್ಚಿನಲ್ಲಿ ಷರಾ ಇಲ್ಲ. ಇಂದಿನ ಪುಟದಲ್ಲಿ ಷರಾ ಇದೆ. ಪುಟ ತಯಾರಿಸುವ ವ್ಯವಸ್ಥೆಯಲ್ಲಿ ಅಂದೂ ಇಂದೂ ಯಾವ ದೋಷವೂ ಇಲ್ಲ, ಯಾವ ಬದಲಾವಣೆಯೂ ಆಗಿಲ್ಲ ಎಂದು ಕಂಪನಿ ಲಿಖಿತವಾಗಿ ತಿಳಿಸಿದೆ. ಆದ್ದರಿಂದ ಷರಾವನ್ನು ಘಟನೆಯ ನಂತರ ಸೇರಿಸಲಾಗಿದೆ.

ಅಂದರೆ ನಾನು ಮೊದಲು ಮೈಗಳ್ಳಿ, ಈಗ ಕಳ್ಳಿ. "ಬರೀದೇ ಇದ್ದದ್ದು ತಪ್ಪು. ಆಮೇಲೆ ಬರೆದದ್ದು ಅಪರಾಧ" ಅಂದರು ಇಸ್ತ್ರಿ ಸಾಹೇಬರು. ಚೆನ್ನಾಗಿ ಜೋಡಿಸಿದ ಮಾತು. ನಿನಗೆ ಇಷ್ಟವಾಗುತ್ತಿತ್ತು.

ಹೇಳುವುದು ಏನಾದರೂ ಉಳಿದಿದ್ದರೆ ಹೇಳಿ ಅಂತ ಜುಲೈ ಮೂವತ್ತೊಂದರವರೆಗೆ ಸಮಯ ಕೊಟ್ಟಿದ್ದಾರೆ. ನನಗೆ ಹೇಳುವುದು ಇಲ್ಲ. ನಿನಗೆ ಇದೆಯಾ?

ಇವತ್ತು ಹಾಕಿದರೆ ಇಪ್ಪತ್ತಾರಕ್ಕೆ ನಿನ್ನ ಕೈ ಸೇರುತ್ತದೆ. ನೀನು ಆ ದಿನವೇ ಬರೆದರೆ ಮೂವತ್ತಕ್ಕೆ ನನಗೆ. ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ.

ಅಕ್ಕ


೧೬ ಆಗಸ್ಟ್

ಪ್ರೀತಿಯ ಅಕ್ಕನಿಗೆ,

ನಿನ್ನನ್ನು ವಜಾ ಮಾಡಿದ ಸುದ್ದಿ ಭಾವ ಫೋನಿನಲ್ಲಿ ಹೇಳಿದರು. ನಿನ್ನ ಜುಲೈ ಕಾಗದ ಬಂದಾಗ ನಾನು ಬೇರೆ ಆಸ್ಪತ್ರೆಯ ಕೆಲಸಕ್ಕೆ ಹೊರಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ತಾರೀಖು ಮೀರಿತ್ತು.

ಎಲ್ಲ ಒಳ್ಳೆಯದಕ್ಕೇ ಅಂತ ಮಾಡಿದೆ ಅಕ್ಕ. ಮಾಡಿದ್ದು ಬೇರೆ, ಆದದ್ದು ಬೇರೆ. ಒಂದು ಘಟನೆಯಲ್ಲಿ ಹತ್ತು ಜನರ ಕೈ ಇರುತ್ತದೆ. ರಕ್ತ ತೆಗೆದವರು ಸರಿಯಾಗಿ ತೆಗೆಯಲಿಲ್ಲ, ಡಾಕ್ಟರು ಮತ್ತೊಮ್ಮೆ ಪರೀಕ್ಷೆ ಮಾಡಿಸಲಿಲ್ಲ, ಯಂತ್ರದವರು ಮುಂಚೆ ತಿಳಿಸಲಿಲ್ಲ. ಕಸ ಬೇಡ, ಪುಟ ಚೊಕ್ಕವಾಗಿರಬೇಕು ಅಂತ ಬರೆದವಳು ನೀನು. ಅದನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಹೇಳಿಲ್ಲ.

ನನ್ನ ಸ್ಥಿತಿಯೂ ನಿನಗೆ ಗೊತ್ತಿರಲಿ. ಯಜಮಾನ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು, "ಬಾಯಿ ಬಿಟ್ಟರೆ ಬಾಗಿಲು, ಮುಚ್ಚಿದರೆ ಮೇಜು" ಅಂದ. ಪ್ರಾಸ ನನ್ನಿಂದಲೇ ಕಲಿತದ್ದು. ಈ ವಯಸ್ಸಿನಲ್ಲಿ ನನ್ನನ್ನು ಇನ್ಯಾರು ಕರೆಯುತ್ತಾರೆ?

ನಿನ್ನ ಬಗ್ಗೆ ಯಜಮಾನನ ಹತ್ತಿರ ಮಾತಾಡಿದ್ದೇನೆ. ರಿಪೋರ್ಟುಗಳನ್ನು ಓದಿ ತಪ್ಪು ಹಿಡಿಯುವವರು ಒಬ್ಬರು ಬೇಕಂತೆ. ಬಂದುಬಿಡು. ನಮ್ಮ ಮನೆಯಲ್ಲಿ ಮುಂದಿನ ಕೋಣೆ ಖಾಲಿ ಮಾಡಿಸುತ್ತೇನೆ. ಮತ್ತೆ ನಾವಿಬ್ಬರೂ ಎದುರುಬದುರು ಕೂರೋಣ, ನೀನು ಓದು, ನಾನು ನೋಡುತ್ತೇನೆ.

ನಿನ್ನ,
ಮೊಳೆ


೨ ಸೆಪ್ಟೆಂಬರ್

ನಿನ್ನ ಕಾಗದ ಬಂತು. ಕೆಲಸ ಬೇಡ, ಕೋಣೆಯೂ ಬೇಡ.

ಜುಲೈ ಹದಿನೆಂಟು, ಭಾನುವಾರ. ಅಮಾನತಿನಲ್ಲಿ ಕೂತು ಮಾಡಲು ಕೆಲಸವಿಲ್ಲದೆ ಸೀರೆಯ ಪೆಟ್ಟಿಗೆ ತೆಗೆದೆ. ಅಪ್ಪನ ಪೆನ್ನಿನ ಪಕ್ಕ ನಿನ್ನ ಎರಡು ಹಾಳೆ ಇದ್ದವು. ಹಾಗೇ ಕಣ್ಣಾಡಿಸಿದೆ. ಕೋನ ಕೋನದ ಆವರಣಗಳ ನಡುವೆ ಏನಿದೆಯೋ ನನಗೆ ಒಂದೂ ತಿಳಿಯಲಿಲ್ಲ. ಎರಡನೇ ಹಾಳೆಯ ಕೊನೆಗೆ ಬಂದೆ. ಅಲ್ಲಿ ನಿನ್ನ ಟಿಪ್ಪಣಿ:

ಹೆಸರು ತಿಳಿಯದ ಟ್ಯಾಗು ಬಂದರೆ
ಉಸಿರು ಎತ್ತದೆ ನುಂಗಿಬಿಡು

ನನಗೆ ಎಕ್ಸ್‌ಎಂಎಲ್ ಓದಲು ಬರುವುದಿಲ್ಲ ಮೊಳೆ, ಪ್ರಾಸ ಓದಲು ಬರುತ್ತದೆ. ಮನುಷ್ಯರು ಓದಲಿ ಅಂತ ಬರೆದಿದ್ದೀಯ. ಓದಿದೆ.

ಆಮೇಲೆ ನಿನ್ನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಕೂತೆ. ಮಾರ್ಚಿನಲ್ಲಿ ನಾನು ಕೇಳಿದ್ದೆ, ಹೊಸ ಯಂತ್ರದಲ್ಲಿ ಷರಾಕ್ಕೆ ಬೇರೆ ಜಾಗವಂತೆ, ನಿನ್ನ ಕಡೆ ಏನಾದರೂ ಮಾಡಬೇಕಾ ಅಂತ. ನೀನು ಭಾವನ ತಮಾಷೆಗೆ ಉತ್ತರ ಕೊಟ್ಟಿದ್ದೀಯ, ಬೆನ್ನು ನೋವಿಗೆ ಕೊಟ್ಟಿದ್ದೀಯ, ಮಗಳ ಮುತ್ತಿಗೂ ಕೊಟ್ಟಿದ್ದೀಯ. ಆ ಒಂದು ಸಾಲಿಗೆ ಮಾತ್ರ ಇಲ್ಲ. ಬೇರೇನೂ ವಿಶೇಷವಿಲ್ಲ ಅಂತ ಮುಗಿಸಿದ್ದೀಯ. ಗೊತ್ತಿದ್ದು ಬಿಟ್ಟದ್ದಲ್ಲ, ಬಿಡು. ಬೆರಳು ಸಾಲು ಹಾರಿತು. ಅದನ್ನು ಅಪ್ಪನೂ ಕ್ಷಮಿಸುತ್ತಿದ್ದರು. ಷರಾಕ್ಕೆ ನಿಯಮ ಬರೆದು ಸದ್ದಿಲ್ಲದೆ ಸರಿ ಮಾಡಿದ್ದನ್ನೂ ಅರ್ಥ ಮಾಡಿಕೊಳ್ಳುತ್ತೇನೆ. ಪುಟ ಎಲ್ಲೂ ಕೂಡಿಟ್ಟಿರುವುದಿಲ್ಲ, ಕೇಳಿದಾಗಲೆಲ್ಲ ಹೊಸದು, ಅಂತ ನೀನೇ ಹೇಳಿದ್ದೆ. ಹಳೆಯ ದಿನದ ಪುಟವೂ ಹೊಸ ನಿಯಮದಲ್ಲೇ ಬರುತ್ತದೆ ಅನ್ನುವುದು ನಿನಗೆ ಗೊತ್ತಿತ್ತು. ಜೂನಿನ ಅಚ್ಚು ಡಾಕ್ಟರ ಫೈಲಿನಲ್ಲಿ ಹಾಗೇ ಇದೆ, ಎರಡನ್ನೂ ಯಾರಾದರೂ ಅಕ್ಕಪಕ್ಕ ಇಡುತ್ತಾರೆ ಅನ್ನುವುದು ಹೊಳೆಯಲಿಲ್ಲ. ಪ್ರೂಫು ನೋಡಿದವರ ಮಗನಿಗೆ ಹೊಳೆಯಲಿಲ್ಲ.

ಹೊಳೆದಿರಲಿಲ್ಲ ಅಂತಲೇ ಇಪ್ಪತ್ತೆರಡನೇ ತಾರೀಖು ಬರೆದೆ. ದಿನ ಎಣಿಸಿ ಬರೆದೆ. ಆಗಲೇ ನಿನ್ನ ಹಾಳೆ ನನ್ನ ಕೈಚೀಲದಲ್ಲಿತ್ತು. ಮೂವತ್ತೊಂದನೇ ತಾರೀಖು ಸಮಿತಿ ಮತ್ತೆ ಕರೆಸಿ, "ಇನ್ನೇನಾದ್ರೂ ಇದೆಯಾಮ್ಮ?" ಅಂತ ಕೇಳಿದಾಗಲೂ ಚೀಲ ತೊಡೆಯ ಮೇಲಿತ್ತು. ಇಲ್ಲ ಅಂದೆ. ನಿನ್ನ ಕೆಲಸ ಉಳಿಸಲಿಕ್ಕೆ ಅಂತ ತಿಳಿಯಬೇಡ, ನಾನು ಅಷ್ಟು ದೊಡ್ಡವಳಲ್ಲ. ಬಾಗಿಲು ನೋಡುತ್ತಿದ್ದೆ. ತಪ್ಪು ಬಿಟ್ಟವನೇ ತಿದ್ದಬೇಕು, ತಿದ್ದಿ ಅಂಚಿನಲ್ಲಿ ತನ್ನ ರುಜು ಹಾಕಬೇಕು ಅನ್ನುವುದು ಅಪ್ಪನ ನಿಯಮ. ನಾಲ್ಕು ದಿನದ ಅಂಚೆ ತಡವಾದೀತು ಅಂತ ನೀನೇ ಬಸ್ಸು ಹತ್ತಿರಬಹುದು ಅಂದುಕೊಂಡೆ. ನಲವತ್ತೈದು ವರ್ಷ ನೋಡಿದವಳಿಗೆ ಅಷ್ಟು ಹುಚ್ಚು ಇರಬಾರದಿತ್ತು.

ವಜಾದ ಆದೇಶದ ಜೊತೆ ಕಂಪನಿಯ ಪತ್ರದ ನಕಲು ಕೊಟ್ಟರು. ಅಂದೂ ಇಂದೂ ಯಾವ ಬದಲಾವಣೆಯೂ ಆಗಿಲ್ಲ. ಕೆಳಗೆ, ಪುಟ ತಯಾರಿಸಿದವರು ಅಂತ ಇರುವಲ್ಲಿ, ನಿನ್ನ ರುಜು. ಬಾಲ ಎಳೆದು ಚುಕ್ಕೆ ಇಡುವುದನ್ನು ನಾನೇ ಕಲಿಸಿದ್ದು. ಅಂದರೆ ರುಜು ಹಾಕಲು ಬರುವುದಿಲ್ಲ ಅಂತಲ್ಲ.

ಕಸದ ಮಾತಿಗೆ ಬರುತ್ತೇನೆ. ಹೌದು, ನಿಲ್ಲಿಸು ಅಂದವಳು ನಾನೇ. ಅದನ್ನು ಯಾರಿಗೂ ಹೇಳಿಲ್ಲ ಅಂತ ಉಪಕಾರ ತೋರಿಸಬೇಡ, ನಾನೇ ಹೇಳಿದ್ದೇನೆ. ನೀನು ಬಾಯಿಗೆ ಬಟ್ಟೆ ತುರುಕದಿದ್ದರೆ ನನ್ನ ಷರಾ ಟ್ರೇ ನಂಬರುಗಳ ನಡುವೆ, ಪುಟದ ಬುಡದಲ್ಲಿ, ಕಸವಾಗಿಯಾದರೂ ಬಿದ್ದಿರುತ್ತಿತ್ತು. ಯಾರಾದರೂ ಓದುತ್ತಿದ್ದರು. ಆ ಮುದುಕ ಓದಿದನಲ್ಲ.

ಯಾರಿಗೆ ಹೇಳಿದೆ ಅಂದರೆ, ಹೋದ ಮಂಗಳವಾರ ದರ್ಜಿಯ ಹೆಂಡತಿ ಮನೆ ಹುಡುಕಿಕೊಂಡು ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತು, "ನೀವೇ ಏನು ಆ ಲ್ಯಾಬಿನಮ್ಮ?" ಅಂದಳು. ಒಳಗೆ ಬನ್ನಿ ಅಂದೆ.

"ಒಳಗೆ ಬರೋಕೆ ಬಂದಿಲ್ಲ. ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದಳು. ಆಮೇಲೆ ಗುರುತು ಹತ್ತಿತು. "ನೀವು ವಾರ್ಡಿಗೆ ಬಂದಿದ್ರಿ. ಅವತ್ತೇ ಯಾಕೆ ಹೇಳಲಿಲ್ಲ?"

ಗಂಡ ಹೇಗಿದ್ದಾರೆ ಅಂತ ಕೇಳಿದೆ.

"ಮೆಷಿನ್ ಮುಂದೆ ಕೂರ್ತಾರೆ. ಕಾಲು ತುಳಿಯುತ್ತೆ, ಕೈ ಬಟ್ಟೆ ಹಿಡಿಯಲ್ಲ. ಬರೀ ಮೆಷಿನ್ ಓಡಿಸ್ತಾ ಕೂತಿರ್ತಾರೆ, ಬಟ್ಟೆ ಇಲ್ಲದೆ. ಆ ಸದ್ದು ಕೇಳೋಕಾಗಲ್ಲ ಅಂತ ನಾನು ಹೊರಗೆ ಬರೋದು."

ಆಗ ನನಗೆ ಗೊತ್ತಾಯಿತು. ಎರಡು ತಿಂಗಳು ನಾನು ನಿನಗಾಗಿ ಕಾಯುತ್ತಾ ಕೂತಿದ್ದೆ. ಆ ಎರಡು ತಿಂಗಳು ಅವಳದ್ದು, ನಮ್ಮ ಮನೆಯದ್ದಲ್ಲ. ನುಂಗುವ ಕೆಲಸ ನೀನೊಬ್ಬನೇ ಮಾಡಲಿಲ್ಲ.

ಅವಳು ಕೋರ್ಟಿಗೆ ಹೋಗುತ್ತಾಳಂತೆ, ನನ್ನ ಮೇಲೆ. ಹೋಗಿ, ಹೋಗುವಾಗ ಇದನ್ನೂ ತಗೊಂಡು ಹೋಗಿ ಅಂದೆ. ನಿನ್ನ ಎರಡು ಹಾಳೆ, ಅದನ್ನು ಕಳಿಸಿದ ಮಾರ್ಚಿನ ಕಾಗದ, ಲಕೋಟೆಯ ಮೇಲಿನ ಅಂಚೆ ಮುದ್ರೆ ಸಮೇತ. ಕಾರಣ ಕೇಳಬೇಡ ಅಂತ ಬರೆದ ಜುಲೈ ಕಾಗದವನ್ನೂ ಕೊಟ್ಟೆ. ಅವಳು ಹೊಸ್ತಿಲ ಮೇಲೆಯೇ ನಿಂತು ಟಿಪ್ಪಣಿ ಎರಡು ಸಲ ಗಟ್ಟಿಯಾಗಿ ಓದಿದಳು. "ಇದು ಪದ್ಯವಾ?" ಅಂತ ಕೇಳಿದಳು. ಹೂಂ ಅಂದೆ. "ಯಾರು ಬರೆದದ್ದು?" ಅಂದಳು. ನನ್ನ ತಮ್ಮ, ಕಸ ನಿಲ್ಲಿಸು ಅಂತ ಬರೆಸಿದವಳು ನಾನೇ ಅಂದೆ. ಭಾವ ಒಳಗಿನಿಂದ ಎದ್ದು ಬಂದು ಅವಳಿಗೆ ನೀರು ಕೊಟ್ಟರು. ಆಗ ಒಳಗೆ ಬಂದು ಕೂತಳು.

ಮೂಲ ಅವಳ ಹತ್ತಿರ ಇದೆ. ಇದರ ಜೊತೆಗಿರುವುದು ಜೆರಾಕ್ಸು. ಎರಡನೇ ಹಾಳೆಯಲ್ಲಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಅಂಚು ಖಾಲಿ ಇದೆ. ಕೋರ್ಟಿನಿಂದ ಕರೆ ಬರುವ ಮೊದಲು ಹಾಕಿ ಕಳಿಸಿದರೆ ಅದು ರುಜು. ಆಮೇಲೆ ಹಾಕಿದರೆ ಬರೀ ಸಹಿ.

ನಾನು ಓದಿ ಮುಗಿಸಿದೆ.

ಅಕ್ಕ